ಗೊತ್ತಾಗಿದ್ದು ಯಾರಿಗೆ

ಇಂಗ್ಲಿಷಿನಲ್ಲಿ ಒಂದು ಸಂಗತಿ ಗೊತ್ತಾಗುವುದಕ್ಕೆ ಎಷ್ಟು ಕ್ರಿಯಾಪದಗಳಿವೆ ಎಂಬುದನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ. ಶಾಲೆಯಲ್ಲಿ ಹೇಳಿಕೊಟ್ಟಿದ್ದು ಒಂದೇ ಸಾಲು. ಫೈಂಡ್ ಔಟ್ ಅಂದರೆ ಡಿಸ್ಕವರ್, ಡಿಸ್ಕವರ್ ಅಂದರೆ ಲರ್ನ್, ಲರ್ನ್ ಅಂದರೆ ಅಸರ್ಟೇನ್, ಎಲ್ಲಾ ಒಂದೇ, ಬಾಯಿಪಾಠ ಮಾಡಿ. ಮಾಡಿದೆ, ಪಾಸೂ ಆದೆ. ಆದರೆ ಎಲ್ಲಾ ಒಂದೇ ಎಂದು ಹೇಳಿಕೊಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಎಂಬತ್ತರ ದಶಕದ ಶುರುವಿನ ಮಾತು. ಪಿಯುಸಿ ಮುಗಿಸಿ, ಇಂಗ್ಲಿಷ್ ಟೈಪಿಂಗಿನಲ್ಲಿ ಜೂನಿಯರ್ ಪರೀಕ್ಷೆ ಪಾಸು ಮಾಡಿಕೊಂಡಿದ್ದೆ. ಅವ್ವ ಹತ್ತು ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ ಮಂಡಿಯಲ್ಲೇ ನನಗೂ ಕೆಲಸ ಸಿಕ್ಕಿತು. ಅಪ್ಪ ಊರಿನಲ್ಲಿ ಬೇರೆಯವರ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದ. ನಾವಿಬ್ಬರೂ ಬೆಳಿಗ್ಗೆ ದಂಡಿನಶಿವರದ ಕಡೆಯಿಂದ ಬರುವ ಬಸ್ಸು ಹತ್ತಿ, ತಿಪಟೂರಿನಲ್ಲಿಳಿದು, ಮಂಡಿಯ ಬಾಗಿಲವರೆಗೂ ಜೊತೆಯಲ್ಲಿ ನಡೆದು, ಅಲ್ಲಿ ಬೇರೆಯಾಗುತ್ತಿದ್ದೆವು. ಅವ್ವ ಹಿಂದಿನ ಅಂಗಳಕ್ಕೆ, ನಾನು ಮುಂದಿನ ಕೋಣೆಗೆ. ನನಗೆ ಕುರ್ಚಿ, ಅವ್ವನಿಗೆ ಗೋಣಿತಾಟು. ಮಗಳು ಫ್ಯಾನಿನ ಕೆಳಗೆ ಕೂತು ದುಡಿಯುತ್ತಾಳೆ ಎಂದು ಅವ್ವನಿಗೆ ಹೆಮ್ಮೆ. ನನಗೆ ಒಳಗೊಳಗೇ ಕಸಿವಿಸಿ.

ನಮ್ಮ ಸಾಹುಕಾರರು ಬೇರೆ ಮಂಡಿಯವರ ಹಾಗೆ ಬರೀ ಕೊಬ್ಬರಿ ಕೊಳ್ಳುತ್ತಿರಲಿಲ್ಲ. ಹಳ್ಳಿಗಳ ಮೇಲೆ ಹೋಗಿ, ಅಟ್ಟದ ಮೇಲೆ ಒಂದು ವರ್ಷದ ಹತ್ತಿರ ಒಣಗಿದ ಕಾಯಿಯನ್ನು ಇಡೀ ಅಟ್ಟಕ್ಕೆ ಒಟ್ಟಾಗಿ ಬೆಲೆ ಮಾತಾಡಿ ಗಾಡಿಯಲ್ಲಿ ಹೇರಿಸಿಕೊಂಡು ಬರುತ್ತಿದ್ದರು. ಅಂಗಳದಲ್ಲಿ ಗಂಡಸರು ಮಟ್ಟೆ ಸುಲಿಯುವರು, ಹೆಂಗಸರು ಚಿಪ್ಪು ಒಡೆದು ಒಳಗಿನ ಉಂಡೆ ಕೊಬ್ಬರಿಯನ್ನು ಬಿರುಕು ಬಿಡದಂತೆ ತೆಗೆಯುವರು. ಈ ಎರಡರ ನಡುವೆ ಅವ್ವ ಕೂರುತ್ತಿದ್ದಳು. ಸುಲಿದ ಕಾಯಿ ಮೊದಲು ಅವಳ ಕೈಗೆ ಬರಬೇಕು. ಎರಡೂ ಕೈಯಲ್ಲಿ ಒಂದೊಂದು ಕಾಯಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುವಳು. ಗಡಗಡ ಎಂದರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿದೆ ಎಂದು ಅರ್ಥ. ಒಡೆಯುವವರ ಕಡೆ ಹೋಗಬಹುದು. ಕುಲುಕುಲು ಎಂದರೆ ಇನ್ನೂ ನೀರಿದೆ, ಪಕ್ಕಕ್ಕೆ. ಏನೂ ಅನ್ನದಿದ್ದರೆ ಒಳಗೆ ಅಂಟಿಕೊಂಡಿದೆ, ಅದೂ ಪಕ್ಕಕ್ಕೆ. ದಿನಕ್ಕೆ ಸಾವಿರಗಟ್ಟಲೆ ಕಾಯಿ ಅವಳ ಕಿವಿಯ ಮುಂದೆ ಹಾದು ಹೋಗುತ್ತಿದ್ದವು, ನಡುನಡುವೆ ಪಕ್ಕದವಳ ಜೊತೆ ಊರ ಸುದ್ದಿಯೂ ನಡೆಯುತ್ತಿತ್ತು.

ಮುಂದಿನ ಕೋಣೆಯಲ್ಲಿ ನನ್ನ ಗುರು ಗುಮಾಸ್ತರು. ಕಚ್ಚೆಪಂಚೆ, ಕರಿಕೋಟು, ಕಿವಿಯ ಮೇಲೆ ಪೆನ್ಸಿಲ್. ಉತ್ತರ ಭಾರತದ ಊರುಗಳ ವ್ಯಾಪಾರಿಗಳಿಗೆಲ್ಲ ಇಂಗ್ಲಿಷಿನಲ್ಲೇ ಕಾಗದ ಹೋಗಬೇಕು. ಸಾಹುಕಾರರು ಕನ್ನಡದಲ್ಲಿ ಹೇಳುವರು, ಗುಮಾಸ್ತರು ಪೆನ್ಸಿಲಿನಲ್ಲಿ ಇಂಗ್ಲಿಷ್ ಮಾಡುವರು, ನಾನು ಟೈಪ್ ಮಾಡುವುದು. ಸಾಹುಕಾರರಿಗೆ ಇಂಗ್ಲಿಷ್ ಬಾರದು, ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ ಸಹಿ ಹಾಕುವರು. ಗುಮಾಸ್ತರ ಹತ್ತಿರ ಒಂದು ಹಳೆಯ ನೋಟುಬುಕ್ಕಿತ್ತು. ಯಾರಿಗೆ ಯಾವ ಸಂದರ್ಭದಲ್ಲಿ ಯಾವ ಮಾತು ಬಳಸಬೇಕು ಎಂದು ಮೂವತ್ತು ವರ್ಷದಿಂದ ಬರೆದಿಟ್ಟುಕೊಂಡಿದ್ದರು. ಗೊತ್ತಾಗುವ ಕ್ರಿಯಾಪದಗಳಿಗೇ ಅದರಲ್ಲಿ ನಾಲ್ಕು ಪುಟ.

"ಫೈಂಡ್ ಅಂದ್ರೆ ಕಣ್ಣಿಗೆ ಬಿತ್ತು, ಅಷ್ಟೇ ಕಣಮ್ಮ. ಯಾರ ಮೇಲೂ ತಪ್ಪು ಹೊರಿಸಲ್ಲ" ಎಂದು ಮೊದಲ ವಾರವೇ ಪಾಠ ಶುರು ಮಾಡಿದರು. "ಯಾರೋ ಕಿವಿಗೆ ಹಾಕಿದ ಸುದ್ದಿ ಆದ್ರೆ ಲರ್ನ್. ಹೇಳಿದೋರ ಹೆಸರು ಬಿಟ್ಟುಕೊಡದೆ ಬರೀಬೌದು. ಕಮ್ ಟು ನೋ ಅಂದ್ರೆ ಅದೂ ಹಂಗೇ, ಆದ್ರೆ ಸ್ವಲ್ಪ ಬೇಜಾರಾಗಿದೆ ಅಂತ. ಅಸರ್ಟೇನ್ ಅಂದ್ರೆ ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅನ್ನೋ ಗಾದೆ ಇಲ್ವಾ, ಅದು."

"ಡಿಸ್ಕವರ್?"

"ಮುಚ್ಚಿರೋದನ್ನ ತೆಗೆದು ನೋಡೋದು. ದೊಡ್ಡ ಮಾತು, ದಿನಾ ಬಳಸಬಾರ್ದು."

"ಡಿಟೆಕ್ಟ್?"

ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. "ಅದು ಪೊಲೀಸ್ನೋರ ಮಾತು. ಯಾರೋ ಬಚ್ಚಿಟ್ಟಿದ್ದನ್ನ ನಾವು ಹಿಡಿದ್ವಿ ಅಂತ. ಅದನ್ನ ಬರೆದ ಮೇಲೆ ಸ್ನೇಹ ಉಳಿಯಲ್ಲ."

ರಿಯಲೈಸ್ ಎಂಬ ಮಾತಿನ ಮುಂದೆ ನೋಟುಬುಕ್ಕಿನಲ್ಲಿ ಕೆಂಪು ಗೀಟಿತ್ತು. ವ್ಯಾಪಾರದ ಕಾಗದದಲ್ಲಿ ಅದನ್ನು ಬರೆಯಲೇಬಾರದಂತೆ. ಬರೆದರೆ ಇಷ್ಟು ದಿನ ನಮಗೆ ತಿಳಿದಿರಲಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗಂತೆ.

ನನಗೆ ಆ ನೋಟುಬುಕ್ಕು ಬಹಳ ಇಷ್ಟವಾಯಿತು. ಎಲ್ಲಾ ಒಂದೇ ಅಲ್ಲ ಎಂದು ಹೇಳಿದ ಮೊದಲ ಮನುಷ್ಯ ಅವರು. ಮಧ್ಯಾಹ್ನ ಅಂಗಳದ ಹುಣಿಸೆಮರದ ಕೆಳಗೆ ರೊಟ್ಟಿ ಬಿಚ್ಚಿದಾಗ ಅವ್ವನಿಗೆ ಅದನ್ನೆಲ್ಲ ಹೇಳಿದೆ. ಅವಳು ಉಚ್ಚೆಳ್ಳು ಚಟ್ನಿ ನನ್ನ ರೊಟ್ಟಿಯ ಮೇಲೂ ಹಾಕುತ್ತ ಕೇಳಿಸಿಕೊಂಡಳು.

"ಗೊತ್ತಾಗದೆ ಇರಾಕೂ ಇಷ್ಟೇ ಮಾತಿದಾವಾ?" ಎಂದಳು.

"ಅದಕ್ಕೆ ಒಂದೇ. ಡೋಂಟ್ ನೋ."

"ಅದೇ ಮತ್ತೆ. ಅದ್ನ ಹೇಳೋರು ಕಮ್ಮಿ, ಅದುಕ್ಕೆ ಒಂದ್ರಲ್ಲೇ ಸಾಕಾಗೈತೆ."

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬುಧವಾರ ಉತ್ತರದ ವ್ಯಾಪಾರಿಯೊಬ್ಬರಿಂದ ಕಾಗದ ಬಂತು, ಜೊತೆಗೆ ಬಟ್ಟೆಯಲ್ಲಿ ಹೊಲಿದ ಪಾರ್ಸಲ್ಲು. ಪಾರ್ಸಲ್ಲಿನಲ್ಲಿ ನಾಲ್ಕು ಉಂಡೆ ಕೊಬ್ಬರಿ. ಬಿಚ್ಚುತ್ತಿದ್ದಂತೆ ಕೋಣೆಯೆಲ್ಲ ಕೌಟು ವಾಸನೆ. ನಾವು ಕಳಿಸಿದ ಮೂಟೆಗಳಲ್ಲಿ ಒಂದು ಗುರುತಿನ ಮೂಟೆಗಳೆಲ್ಲ ಹೀಗೇ ಕೆಟ್ಟಿವೆ, ಕಾರಣ ಏನೆಂದು ತಿಳಿಸಿ, ಇಲ್ಲದಿದ್ದರೆ ಮುಂದೆ ನಿಮ್ಮ ಮಂಡಿಯ ಸಹವಾಸ ಸಾಕು ಎಂದು ಅವರು ಬರೆದಿದ್ದರು. ಅವರು ಬಳಸಿದ್ದು ಫೈಂಡ್ ಎಂಬ ಮಾತು. ನಾನು ಗಮನಿಸಿದೆ. ದೂರು ಕೊಟ್ಟವರೇ ಮೆತ್ತಗೆ ಬರೆದಿದ್ದರು.

ಸಾಹುಕಾರರು ಕೆಟ್ಟವರಲ್ಲ. ಕೂಗಾಡುವವರೂ ಅಲ್ಲ. ಆದರೆ ತಮ್ಮ ಮಂಡಿಯ ಹೆಸರು ಎಂದರೆ ಅವರಿಗೆ ಮೈಯೆಲ್ಲ ಕಣ್ಣು. ಗುಮಾಸ್ತರನ್ನು ಒಳಗೆ ಕರೆದು ಹತ್ತು ನಿಮಿಷ ಮಾತಾಡಿದರು. ಗುಮಾಸ್ತರು ಹೊರಗೆ ಬಂದು, ನನ್ನ ಮುಖ ನೋಡದೆ, ಪೆನ್ಸಿಲಿನಲ್ಲಿ ಬರೆದ ಹಾಳೆಯನ್ನು ಟೈಪ್‌ರೈಟರಿನ ಪಕ್ಕ ಇಟ್ಟು, ವೀಳ್ಯದೆಲೆ ತರುತ್ತೇನೆಂದು ಬೀದಿಗೆ ಹೋದರು. ಅವರಿಗೆ ಎಲೆಅಡಿಕೆಯ ಅಭ್ಯಾಸವೇ ಇರಲಿಲ್ಲ.

ಹಾಳೆಯಲ್ಲಿದ್ದದ್ದು ಇಷ್ಟು: ನಾವು ಕೂಲಂಕಷ ವಿಚಾರಣೆ ನಡೆಸಿದೆವು. ಕಾಯಿ ಆರಿಸುವ ಹೆಂಗಸು ಹಸಿ ಕಾಯಿಗಳನ್ನು ಒಳ್ಳೆಯದರಲ್ಲಿ ಸೇರಿಸಿದ್ದು ಪತ್ತೆಯಾಗಿದೆ. ಅವಳನ್ನು ಕೆಲಸದಿಂದ ತೆಗೆದಿದ್ದೇವೆ. ಪತ್ತೆಯಾಗಿದೆ ಎಂಬ ಜಾಗದಲ್ಲಿ ಡಿಟೆಕ್ಟೆಡ್ ಎಂದು ಸ್ಪಷ್ಟವಾಗಿ, ದುಂಡಗೆ ಬರೆದಿದ್ದರು.

ಕಾಯಿ ಆರಿಸುವ ಹೆಂಗಸು ಎಂದರೆ ಅವ್ವ. ಕೆಲಸ ಹೋಗುವುದು ಒಂದು ಮಾತು. ಆದರೆ ಈ ಮಾತು ಹೊತ್ತು ಹೊರಗೆ ಬಿದ್ದ ಹೆಂಗಸನ್ನು ತಿಪಟೂರಿನ ಇನ್ಯಾವ ಮಂಡಿಯವರೂ ಅಂಗಳಕ್ಕೆ ಸೇರಿಸುವುದಿಲ್ಲ. ಕಿವಿಯನ್ನು ನಂಬುವ ಹಾಗಿಲ್ಲದವಳು ಎಂದಾಗಿಬಿಡುತ್ತದೆ. ಅವ್ವನಿಗೆ ಇದ್ದದ್ದು ಆ ಕಿವಿ ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾನು ಅವತ್ತಿನವರೆಗೂ ನಗುತ್ತಲೇ ಹೇಳುತ್ತಿದ್ದೆ.

ಹಾಳೆ ಹಿಡಿದುಕೊಂಡು ಸಾಹುಕಾರರ ಮುಂದೆ ಹೋಗಿ ನಿಂತೆ.

"ವಿಚಾರಣೆ ಆಯ್ತು ಅಂತ ಇದ್ರಲ್ಲಿ ಬರ್ದಿದೆ. ಯಾವಾಗ ಆಯ್ತು ಸಾವ್ಕಾರ್ರೆ?"

"ಕಾಗದಕ್ಕೆ ಹಂಗೆಲ್ಲ ಬರೀತಾರೆ ಕಣಮ್ಮ. ನಿಮ್ಮವ್ವನಿಗೆ ನಾನೇ ಸಮಾಧಾನ ಹೇಳಿ ಕಳಿಸ್ತೀನಿ. ಕೈ ತುಂಬ ಕೊಟ್ಟೇ ಕಳಿಸ್ತೀನಿ. ನೀನು ಇಲ್ಲೇ ಇರು, ನಿನ್ನೇನೂ ಅಂದಿಲ್ವಲ್ಲ."

"ನಾನು ಇದನ್ನ ಟೈಪ್ ಮಾಡಲ್ಲ."

ಅವರು ಕನ್ನಡಕ ತೆಗೆದರು. ನನಗೆ ಇಪ್ಪತ್ತು ತುಂಬಿರಲಿಲ್ಲ. ಆ ಕೋಣೆಯಲ್ಲಿ 'ಮಾಡಲ್ಲ' ಎಂಬ ಮಾತನ್ನು ಗಂಡಸರೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಅಷ್ಟು ಹೊತ್ತಿಗೆ ಗುಮಾಸ್ತರು ಬರಿಗೈಯಲ್ಲಿ ವಾಪಸು ಬಂದಿದ್ದರು. "ಸೋಮವಾರದ ಟಪಾಲಿಗೆ ಹೋದ್ರೂ ನಡೀತದೆ, ಸಾವ್ಕಾರ್ರೆ" ಎಂದು ಬಾಗಿಲಲ್ಲಿ ನಿಂತೇ ಹೇಳಿದರು. ಟೈಪ್ ಬರುತ್ತಿದ್ದದ್ದು ನನಗೊಬ್ಬಳಿಗೆ. ಅಷ್ಟು ದೊಡ್ಡ ವ್ಯಾಪಾರಿಗೆ ಕೈಬರಹದ ಕಾಗದ ಕಳಿಸುವುದು ಸಾಹುಕಾರರ ಮರ್ಯಾದೆಗೆ ಕಡಿಮೆ. ಸೋಮವಾರದವರೆಗೂ ನೋಡೋಣ, ಅಷ್ಟರಲ್ಲಿ ಬುದ್ಧಿ ಬಂದರೆ ಸರಿ, ಇಲ್ಲದಿದ್ದರೆ ತಾಯಿ ಮಗಳು ಇಬ್ಬರೂ ಬೇಡ ಎಂದರು.

ಮಧ್ಯಾಹ್ನ ಹುಣಿಸೆಮರದ ಕೆಳಗೆ ಅವ್ವನಿಗೆ ಎಲ್ಲ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ತೊಳೆದುಕೊಂಡು, "ಆ ಪಾರ್ಸಲ್ ತಗಂಬಾ" ಎಂದಳು. ತಂದೆ. ಒಂದು ಉಂಡೆಯನ್ನು ಕತ್ತಿಯಿಂದ ಎರಡು ಹೋಳು ಮಾಡಿ ಮೂಸಿದಳು, ಒಳಗೆ ಉಗುರಿನಿಂದ ಕೆರೆದಳು. ಮೇಲೆ ಚೆನ್ನಾಗಿ ಸುಕ್ಕುಗಟ್ಟಿದ್ದ ಕೊಬ್ಬರಿಯ ನಡುವೆ ಕಂದು ಬಣ್ಣದ ಮೆತ್ತನೆಯ ಪದರವಿತ್ತು.

"ಒಳಗೆ ಹಸಿ ಇತ್ತು ಕಣೇ. ಮೇಲೆ ಮಾತ್ರ ಒಣಗೈತೆ" ಎಂದಳು. "ಆದ್ರೆ ಇದು ಗಡಗಡ ಅಂದಿತ್ತು. ಅಂದೇ ಇರ್ತದೆ. ಇಲ್ಲದಿದ್ರೆ ನನ್ ಕೈ ದಾಟಿ ಹೋಗ್ತಿರ್ಲಿಲ್ಲ."

"ಸುಮ್ನಿರವ್ವ. ನೀನೇ ಒಪ್ಕಂಡ್ಬುಡಬೇಡ" ಎಂದೆ, ಸುತ್ತ ನೋಡಿ.

"ನನ್ ಕೈಯಿಂದ ಹೋಗೈತೆ ಅಂತ ಒಪ್ಕಳ್ದೆ ಇದ್ರೆ, ಯಾಕೆ ಹೋಯ್ತು ಅಂತ ಹೆಂಗ್ಲಾ ಗೊತ್ತಾಗೋದು?" ಎಂದು ಗದರಿದಳು. ಸಿಟ್ಟು ಬಂದರೆ ಅವಳು ನನ್ನನ್ನು ಗಂಡುಮಗನ ಹಾಗೆ ಕರೆಯುತ್ತಿದ್ದಳು.

ಈ ಮಾತು ಗುಮಾಸ್ತರ ನೋಟುಬುಕ್ಕಿನಲ್ಲಿರಲಿಲ್ಲ. ಅಲ್ಲಿನ ಎಲ್ಲಾ ಕ್ರಿಯಾಪದಗಳೂ ಇನ್ನೊಬ್ಬರ ತಪ್ಪು ಗೊತ್ತಾಗುವುದಕ್ಕೇ ಇದ್ದವು. ತನ್ನ ತಪ್ಪು ತನಗೆ ಗೊತ್ತಾಗುವ ಒಂದೇ ಒಂದು ಮಾತಿಗೆ ಅವರು ಕೆಂಪು ಗೀಟು ಎಳೆದಿದ್ದರು.

ಮೂಟೆಯ ಗುರುತು ಹೇಳಿದ ಕೂಡಲೇ ಅವ್ವನಿಗೆ ನೆನಪಾಯಿತು: ಅದು ಹಾಲ್ಕುರಿಕೆಯ ಆಚೆ, ಒಂದು ತೋಟದ ಮನೆಯಿಂದ ಬಂದ ಕಾಯಿ. ಆ ಕಾಯಿಗಳ ಮಟ್ಟೆ ಇನ್ನೂ ಹಿತ್ತಲಲ್ಲಿ ರಾಶಿ ಬಿದ್ದಿತ್ತು, ಹಗ್ಗ ಹೊಸೆಯುವವರು ಒಯ್ದಿರಲಿಲ್ಲ. ಅವ್ವ ಅಲ್ಲಿಗೆ ಹೋಗಿ ಒಂದೊಂದೇ ಮಟ್ಟೆ ಎತ್ತಿ ನೋಡಿದಳು. ಬೇರೆ ಕಾಯಿಯ ಮಟ್ಟೆ ಬೂದುಬಣ್ಣಕ್ಕೆ ತಿರುಗಿದ್ದರೆ, ಇವು ಕರ್ರಗೆ, ಮುರಿದರೆ ಪಟ್ಟನೆ ಮುರಿಯುವಷ್ಟು ಗರಿಗರಿ. ಒಂದನ್ನು ಮೂಗಿಗೆ ಹಿಡಿದು ನನ್ನ ಮೂಗಿಗೂ ಹಿಡಿದಳು. ಹೊಗೆಯ ವಾಸನೆ ಇತ್ತು, ಅದು ಎಲ್ಲ ಅಟ್ಟದ ಕಾಯಿಗೂ ಇರುತ್ತದೆ. ಅದರ ಕೆಳಗೆ ಇನ್ನೊಂದು ವಾಸನೆ ಇತ್ತು. ಸಾಂಬ್ರಾಣಿ, ಮತ್ತೆ ಸುಟ್ಟ ಓಮ.

"ಭಾನುವಾರ ಆ ಮನೆಗೆ ಹೋಗ್ಬರಾನ" ಎಂದಳು.

ಭಾನುವಾರ ಹಾಲ್ಕುರಿಕೆಯಲ್ಲಿ ಬಸ್ಸಿಳಿದು, ತೋಟಗಳ ನಡುವಿನ ದಾರಿಯಲ್ಲಿ ಒಂದು ಗಂಟೆ ನಡೆದೆವು. ದಾರಿಯುದ್ದಕ್ಕೂ ನಾನು ಜಗಳದ ಮಾತುಗಳನ್ನು ಒಳಗೇ ಜೋಡಿಸಿಕೊಳ್ಳುತ್ತಿದ್ದೆ. ನೀವು ಹಸಿ ಕಾಯಿ ಕೊಟ್ಟು ನಮ್ಮವ್ವನ ಅನ್ನಕ್ಕೆ ಕಲ್ಲು ಹಾಕಿದಿರಿ ಎನ್ನಬೇಕು ಎಂದುಕೊಂಡಿದ್ದೆ. ಮನೆ ಸೇರಿದರೆ, ವಯಸ್ಸಾದ ಮನೆಯೊಡತಿ ನಾವು ಯಾರೆಂದು ಕೇಳುವ ಮೊದಲೇ ಎರಡು ಲೋಟ ಮಜ್ಜಿಗೆ ತಂದಿಟ್ಟರು. ಹಜಾರದಲ್ಲಿ ಎರಡು ತೊಟ್ಟಿಲು ತೂಗುತ್ತಿದ್ದವು.

ಅವ್ವ ಮಜ್ಜಿಗೆ ಕುಡಿದು, ಎರಡೂ ಕೂಸುಗಳ ದೃಷ್ಟಿ ತೆಗೆದು ನೆಟಿಗೆ ಮುರಿದು, ಆಮೇಲೆ ಕೇಳಿದಳು: "ಬಾಣಂತನ ಯಾವ ಕೋಣೇಲಿ ಮಾಡುದ್ರಿ ಅಕ್ಕಾ?"

"ಇನ್ನೆಲ್ಲಿ, ಆ ಅಟ್ಟದ ಕೋಣೇಲೇ ಕಣವ್ವ. ಬೆಚ್ಚಗಿರ್ತದೆ. ಮೊದ್ಲು ಮಗಳದ್ದಾಯ್ತು, ಮೂರು ತಿಂಗ್ಳು. ಅವ್ಳು ಎದ್ಲು ಅನ್ನೋವಷ್ಟರಲ್ಲಿ ಸೊಸೆ ಮಲಗುದ್ಲು, ಅದೊಂದು ಮೂರು ತಿಂಗ್ಳು. ಆರು ತಿಂಗ್ಳು ನಮ್ಮನೇಲಿ ಅಗ್ಗಿಷ್ಟಿಕೆ ಆರಿಲ್ಲ" ಎಂದು ಅವರು ಹೆಮ್ಮೆಯಿಂದ ಹೇಳಿದರು. ಹೆಮ್ಮೆಪಡುವಂಥದ್ದೇ. ಎರಡು ಬಾಣಂತನ ಒಂದಾದ ಮೇಲೊಂದು ಮಾಡಿ, ಎರಡು ಕೂಸನ್ನೂ ದುಂಡಗೆ ಇಟ್ಟಿದ್ದರು.

ಅವ್ವ ಕೇಳಿಕೊಂಡು ಏಣಿ ಹತ್ತಿದಳು. ನಾನೂ ಹತ್ತಿದೆ. ಅಟ್ಟ ಖಾಲಿ. ನಡುಮಧ್ಯದ ಬಿದಿರ ತಡಿಕೆ ಮಾತ್ರ ಡಾಂಬರು ಬಳಿದಷ್ಟು ಕರ್ರಗಿತ್ತು. ಅಡುಗೆಮನೆಯ ಹೊಗೆ ದಿನಕ್ಕೆ ಎರಡು ಹೊತ್ತು ಹದವಾಗಿ ತಾಗಿದರೆ ಕಾಯಿಗೆ ಒಳ್ಳೆಯದೇ. ಇಲ್ಲಿ ಕೆಂಡ ನೇರ ಕೆಳಗೆ, ಹಗಲೂ ರಾತ್ರಿ, ಆರು ತಿಂಗಳು. ಚಿಪ್ಪು ಕಾದು, ಕೊಬ್ಬರಿಯ ಹೊರಮೈ ಬೇಗ ಸೆಟೆದುಕೊಂಡು ಚಿಪ್ಪು ಬಿಟ್ಟಿದೆ. ಒಳಮೈ ಒಣಗುವುದಕ್ಕೆ ಪುರಸೊತ್ತೇ ಸಿಕ್ಕಿಲ್ಲ.

"ನಿಮ್ ಕಾಯಿ ವರ್ಷ ತುಂಬಾಕೆ ಎರಡು ತಿಂಗ್ಳು ಮುಂಚೇನೇ ಕೊಟ್ರಲ್ವಾ?" ಎಂದು ಅವ್ವ ಮೇಲಿನಿಂದಲೇ ಕೇಳಿದಳು.

"ಹೂಂ ಕಣವ್ವ. ಅಲ್ಲಾಡ್ಸಿ ನೋಡುದ್ರೆ ಗಡಗಡ ಅಂತಿದ್ವು. ನಿಮ್ ಸಾವ್ಕಾರ್ರೂ ಅಲ್ಲಾಡ್ಸಿ ನೋಡೇ ತಗಂಡೋದ್ರು. ಯಾಕೆ, ಏನಾರ ಆಯ್ತಾ?"

"ಏನೂ ಇಲ್ಲ ಬುಡಕ್ಕ. ಮುಂದ್ಲ ಸಲ ಬಾಣಂತನ ಇದ್ರೆ ಕಾಯಿ ಪಕ್ಕದ ಅಟ್ಟಕ್ಕೆ ಹಾಕ್ಸಿ" ಎಂದಳು ಅವ್ವ.

ನಾನು ಜೋಡಿಸಿಟ್ಟುಕೊಂಡಿದ್ದ ಜಗಳದ ಮಾತು ಒಂದೂ ಬೇಕಾಗಲಿಲ್ಲ. ಮನೆಯವರು ಅಲ್ಲಾಡಿಸಿದ್ದರು, ಸಾಹುಕಾರರು ಅಲ್ಲಾಡಿಸಿದ್ದರು, ಅವ್ವ ಅಲ್ಲಾಡಿಸಿದ್ದಳು. ಮೂರು ಜನಕ್ಕೂ ಕಾಯಿ ಒಂದೇ ಮಾತು ಹೇಳಿತ್ತು. ಆದರೆ ತಪ್ಪು ಹುಡುಕಿಕೊಂಡು ಅಷ್ಟು ದೂರ ನಡೆದು ಬಂದವಳು ಅವ್ವ ಒಬ್ಬಳೇ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು, "ಇಷ್ಟು ವರ್ಷ ಆದ್ಮೇಲೆ ಇವತ್ತು ಗೊತ್ತಾಯ್ತು ನೋಡು. ಬೆಂಕಿ ತಿಂದ ಕಾಯೂ ಗಡಗಡ ಅಂತದೆ. ಇನ್ಮೇಲೆ ಅಟ್ಟದ ಕೆಳಗೇನಿತ್ತು ಅಂತ ಕೇಳ್ಕಂಡೇ ಕಿವಿಗಿಡ್ಬೇಕು" ಎಂದಳು. ಅವಳ ಮುಖದಲ್ಲಿ ಬೇಸರವಿರಲಿಲ್ಲ. ಅದೇ ನನಗೆ ಆಶ್ಚರ್ಯ. ಹೊಸದೊಂದು ಸಿಕ್ಕಿದವರ ಮುಖ ಅದು. ಶಾಲೆಯ ಪುಸ್ತಕದಲ್ಲಿ ಡಿಸ್ಕವರ್ ಎಂಬ ಮಾತನ್ನು ಹಡಗಿನಲ್ಲಿ ಹೋದ ಗಂಡಸರಿಗೂ ದುರ್ಬೀನು ಹಿಡಿದ ಗಂಡಸರಿಗೂ ಎತ್ತಿಟ್ಟಿದ್ದರು. ಹಾಲ್ಕುರಿಕೆಯ ಬಸ್ಸಿನಲ್ಲಿ ಹೋಗಿ ಏಣಿ ಹತ್ತಿದ ಹೆಂಗಸಿಗೆ ಅದು ಯಾಕೆ ಆಗಬಾರದು ಎಂದು ನಾನು ಅಲ್ಲೇ, ಸೀಟಿನಲ್ಲೇ, ಯಾರ ಮೇಲೋ ಜಗಳಕ್ಕೆ ನಿಂತವಳ ಹಾಗೆ ಯೋಚಿಸಿದೆ.

ಸೋಮವಾರ ಬೇಗ ಹೋಗಿ, ಯಾರ ಕರಡೂ ಇಲ್ಲದೆ ನಾನೇ ಕಾಗದ ಟೈಪ್ ಮಾಡಿದೆ. ನಮ್ಮ ಕಾಯಿ ಆರಿಸುವವರು ಕಾಯಿ ಬಂದ ಮನೆಗೆ ಸ್ವತಃ ಹೋಗಿ ಕಾರಣ ಡಿಸ್ಕವರ್ ಮಾಡಿದ್ದಾರೆ, ಅಟ್ಟದ ಕೆಳಗಿನ ಬೆಂಕಿಯಿಂದ ಎಲ್ಲರಿಗೂ ಮೋಸವಾಗಿದೆ, ತಮ್ಮ ಕಿವಿಯೂ ಮೋಸ ಹೋಯಿತೆಂದು ಅವರು ರಿಯಲೈಸ್ ಮಾಡಿದ್ದಾರೆ, ಇನ್ನು ಮುಂದೆ ಪ್ರತಿ ಅಟ್ಟದ ವಿಚಾರವನ್ನೂ ಮೊದಲೇ ಅಸರ್ಟೇನ್ ಮಾಡುತ್ತಾರೆ ಎಂದು ಬರೆದೆ. ಡಿಟೆಕ್ಟ್ ಎಂಬ ಮಾತನ್ನು ಹತ್ತಿರಕ್ಕೂ ಸೇರಿಸಲಿಲ್ಲ.

ಗುಮಾಸ್ತರು ಬಂದು ಓದಿದರು. ಎರಡು ಕಡೆ ಕಾಮಾ ಹಾಕಿಸಿದರು. ರಿಯಲೈಸ್ ಇದ್ದ ಸಾಲಿನ ಮೇಲೆ ಪೆನ್ಸಿಲಿನ ತುದಿ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಮುಂದಕ್ಕೆ ಹೋಯಿತು. ದನಿ ತಗ್ಗಿಸಿ ಹೇಳಿದರು: "ಸಾವ್ಕಾರ್ರಿಗೆ ಇಂಗ್ಲಿಷ್ ಬರಲ್ಲ. ಸುಮ್ನೆ ಮುಂದಿಡು, ಸಹಿ ಹಾಕ್ತಾರೆ. ನಾನೂ ಬಾಯಿ ಬಿಡಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಒಂದು ಕ್ಷಣ ನನಗೂ ಅದೇ ಸಲೀಸು ಎನ್ನಿಸಿತು. ಆದರೆ ಯಾರೂ ಓದದ ಭಾಷೆಯಲ್ಲಿ ಅವ್ವ ನಿರಪರಾಧಿಯಾಗಿ, ಅಂಗಳದಲ್ಲಿ ತಪ್ಪಿತಸ್ಥೆಯಾಗಿಯೇ ಉಳಿದರೆ ಏನು ಬಂತು? ಬಚ್ಚಿಟ್ಟು ಮಾಡಿದ್ದು ನಾಳೆ ಪತ್ತೆಯಾಗುತ್ತದೆ. ಆಗ ಆ ಪೊಲೀಸ್ ಮಾತು ನನಗೇ ಸರಿಯಾಗಿ ಕೂರುತ್ತದೆ. "ಬೇಡ ಸಾರ್, ಓದಿ ಹೇಳ್ತೀನಿ" ಎಂದು ಎದ್ದೆ.

ಸಾಹುಕಾರರ ಮೇಜಿನ ಹಿಂದೆ ಅಂಗಳದ ಕಡೆಗೆ ಕಿಟಕಿ. ನಾನು ಬೇಕೆಂದೇ ಗಟ್ಟಿಯಾಗಿ, ಒಂದೊಂದು ಸಾಲನ್ನೂ ಕನ್ನಡ ಮಾಡಿ ಓದಿದೆ. ಅಟ್ಟದ ಸಾಲಿಗೆ ಬರುವಷ್ಟರಲ್ಲಿ ಹೊರಗೆ ಚಿಪ್ಪು ಒಡೆಯುವ ಸದ್ದು ನಿಂತಿತ್ತು.

"ಎಲ್ಲಾ ಅವಳಿಗೇ ಗೊತ್ತಾಯ್ತು ಅಂತ ಬರ್ದಿದೀಯ" ಎಂದರು ಅವರು. "ನನಗೇನು ಗೊತ್ತಾಯ್ತು ಅಂತ ಇದ್ರಲ್ಲಿ ಇಲ್ವಲ್ಲ."

"ನಿಮಗೆ ಈಗ ಗೊತ್ತಾಯ್ತಲ್ಲ, ಸಾವ್ಕಾರ್ರೆ. ನಾನು ಓದಿದ್ರಿಂದ."

ಗುಮಾಸ್ತರು ಕೆಮ್ಮಿದರು. ಸಾಹುಕಾರರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬರುವವರ ಹಾಗೆ ಮೇಲಿಂದ ಕೆಳಕ್ಕೆ ನೋಡಿದರು. ವ್ಯಾಪಾರದ ಬುದ್ಧಿ ಅವರಿಗೆ ಬೇಕಾದಷ್ಟಿತ್ತು. ಹೆಂಗಸೊಬ್ಬಳನ್ನು ಓಡಿಸಿದೆವು ಎನ್ನುವುದಕ್ಕಿಂತ ಅಟ್ಟದ ಕೆಳಗಿನ ಬೆಂಕಿಯ ಕಥೆಯೇ ಆ ವ್ಯಾಪಾರಿಗೆ ನಂಬಿಕೆ ತರುತ್ತದೆ ಎಂದು ಲೆಕ್ಕ ಹಾಕಿರಬೇಕು. ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತ, "ನಿಮ್ಮವ್ವ ಇರ್ಲಿ. ನೀನು ನಾಳೆಯಿಂದ ಬೇಡಮ್ಮ. ಹೇಳಿದ್ದನ್ನ ಬಿಟ್ಟು ತನಗೆ ಸರಿ ಕಂಡಿದ್ದನ್ನ ಹೊಡೆಯೋ ಟೈಪಿಸ್ಟು ನನಗೆ ಬೇಕಾಗಿಲ್ಲ" ಎಂದರು.

ಅದರಲ್ಲಿ ಸುಳ್ಳಿರಲಿಲ್ಲ. ನಾನು ಮಾಡಿದ್ದು ಅದನ್ನೇ. ಮತ್ತೆ ಅವಕಾಶ ಸಿಕ್ಕರೂ ಅದನ್ನೇ ಮಾಡುತ್ತೇನೆ.

ಸಂಜೆ ಬಸ್ಸಿನಲ್ಲಿ ಅವ್ವ ಮೊದಲು ಚೆನ್ನಾಗಿ ಬೈದಳು. ಸಿಕ್ಕಿದ ಕೆಲಸ ಕಳಕೊಂಡೆ, ನಾಲಿಗೆ ಉದ್ದ ಮಾಡಿಕೊಂಡೆ, ನಾಳೆ ಯಾರು ಕುರ್ಚಿ ಕೊಡುತ್ತಾರೆ ಎಂದೆಲ್ಲ. ಬೈಗುಳ ಮುಗಿದ ಮೇಲೆ ದಂಡಿನಶಿವರದ ಕೆರೆ ಏರಿ ಬಂತು. ಆಗ ಕೇಳಿದಳು.

"ಆ ಕಾಗದದಾಗೆ ನನ್ನ ಏನಂತ ಬರ್ದಿದೀಯ?"

"ಅವರ್ ಸಾರ್ಟರ್ ಅಂತ. ನಮ್ಮ ಕಾಯಿ ಆರ್ಸೋರು ಅಂತ."

"ಕಾಯಿ ಆರ್ಸೋರು ಎಲ್ಲಾ ಮಂಡೀಲೂ ಅವ್ರೆ" ಎಂದಳು ಅವ್ವ. ಅಷ್ಟೇ ಹೇಳಿ ಸೆರಗು ಸರಿಮಾಡಿಕೊಂಡಳು.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಒಂದು ಕ್ರಿಯಾಪದಕ್ಕಾಗಿ ಕೆಲಸ ಕಳೆದುಕೊಂಡ ಬುದ್ಧಿವಂತೆ ನಾನು. ಗೊತ್ತಾಗಿದ್ದು ಯಾರಿಗೆ ಎಂದು ಬರೆಯಬೇಕಾದ ಜಾಗದಲ್ಲಿ ಹೆತ್ತ ತಾಯಿಯ ಹೆಸರನ್ನೇ ಬಿಟ್ಟಿದ್ದೆ. ಬಿಟ್ಟಿದ್ದು ಗೊತ್ತೂ ಆಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಬರಬೇಡ ಎಂದಿದ್ದರೂ ಹೋದೆ. ಮಳೆಗಾಲದ ಮೋಡ ಕವಿದಿದ್ದರಿಂದ ಕೋಣೆಯಲ್ಲಿ ದೀಪ ಹಾಕಿದ್ದರು. ಕಾಗದ ಇನ್ನೂ ಗುಮಾಸ್ತರ ಡ್ರಾಯರಿನಲ್ಲಿತ್ತು; ಹಿಂದಿನ ದಿನದ ಟಪಾಲು ತಪ್ಪಿಹೋಗಿತ್ತು. ಅದನ್ನು ಕೇಳಿ ಇಸಿದುಕೊಂಡು ಟೈಪ್‌ರೈಟರಿಗೆ ಏರಿಸಿದೆ. ಅವರ್ ಸಾರ್ಟರ್ ಎಂಬ ಮಾತಿನ ಮೇಲೆ ಎರಡು ಸಾಲಿನ ನಡುವೆ ಜಾಗವಿತ್ತು.

"ನಿನ್ನೆ ಹೇಳಿದ್ದು ಕೇಳಿಸ್ಲಿಲ್ವೇನಮ್ಮ?" ಎಂದರು ಸಾಹುಕಾರರು, ಬಾಗಿಲಲ್ಲಿ ನಿಂತು.

"ಕೇಳಿಸ್ತು. ಒಂದು ಹೆಸರು ಬಿಟ್ಟುಹೋಗಿದೆ. ಸೇರಿಸಿ ಹೋಗ್ತೀನಿ. ಪಕ್ಕದಲ್ಲಿ ನೀವೊಂದು ಸಹಿ ಹಾಕ್ಬೇಕು."

"ಯಾರ ಹೆಸರು?"

"ಕಾರಣ ಕಂಡುಹಿಡಿದೋರದ್ದು."

ಅವರು ನನ್ನನ್ನು ನೋಡಿದರು, ಗುಮಾಸ್ತರನ್ನು ನೋಡಿದರು. ಗುಮಾಸ್ತರು ಕಾಗದದ ನಕಲಿನಲ್ಲೂ ಹೆಸರು ಸೇರಿಸಬೇಕೆಂದು ಪೆನ್ಸಿಲ್ ಹಿಡಿದವರು ಹಾಗೇ ಕೂತಿದ್ದರು. ಅವರಿಗೂ ಗೊತ್ತಿರಲಿಲ್ಲ. ಅಂಗಳದ ಹಾಜರಿಯಲ್ಲಿ ಆಳಿಗೊಂದು ಗೀಟು ಮಾತ್ರ. ಅವ್ವ ಅಲ್ಲಿ ಇಷ್ಟು ವರ್ಷ ದಂಡಿನಶಿವರದ ಕಡೆಯವಳಾಗಿದ್ದಳು, ನಾನು ಸೇರಿದ ಮೇಲೆ ಟೈಪಿಸ್ಟಿನ ಅವ್ವನಾಗಿದ್ದಳು.

"ಏನು ಹೆಸರು ನಿಮ್ಮವ್ವನ್ದು?" ಎಂದರು ಸಾಹುಕಾರರು.

"ಅವರನ್ನೇ ಕೇಳಿ" ಎಂದೆ.

ಅವರು ಸಿಟ್ಟಿನಲ್ಲೇ ಹಿಂದಿನ ಬಾಗಿಲವರೆಗೂ ನಡೆದು ಹೋದರು. ಅಂಗಳದಲ್ಲಿ ಸುಲಿಯುವವರು, ಒಡೆಯುವವರು ಎಲ್ಲರೂ ತಲೆಯೆತ್ತಿದರು.

"ಏನವ್ವಾ, ನಿನ್ ಹೆಸ್ರೇನು?"

ಅವ್ವನ ಕೈಯಲ್ಲಿ ಎರಡು ಕಾಯಿಗಳಿದ್ದವು. ಅವುಗಳನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಅಲ್ಲಾಡಿಸಿದಳು. ಒಂದನ್ನು ಒಡೆಯುವವರ ಕಡೆಗೆ, ಇನ್ನೊಂದನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ತನ್ನ ಹೆಸರು ಹೇಳಿದಳು, ಊರಿನ ಹೆಸರೂ ಸೇರಿಸಿ, ಅಂಗಳದ ಆ ಕೊನೆಗೂ ಕೇಳಿಸುವ ಹಾಗೆ.

ಸಾಹುಕಾರರು ಒಳಗೆ ಬಂದು ನನ್ನ ಪಕ್ಕ ನಿಂತು ಅದನ್ನು ನನಗೆ ಹೇಳಿದರು. ಹುಟ್ಟಿದಾಗಿನಿಂದ ಗೊತ್ತಿದ್ದ ಆ ಹೆಸರನ್ನು, ಅವರ ಬಾಯಿಂದ ಪೂರ್ತಿ ಕೇಳಿಸಿಕೊಂಡು, ಟೈಪ್ ಮಾಡಿದೆ.